ಬಾಟಲಿಯ ಹಿಂಬದಿ

ಕಂಡೀಷನರ್ ಹಚ್ಚಿ ಮೂರು ನಿಮಿಷ ಕಾಯಬೇಕಿತ್ತು. ಸುಮ್ಮನೆ ನಿಲ್ಲಲಾಗದೆ ಬಾಟಲಿ ತಿರುಗಿಸಿ ಓದಿದೆ.

ಪದಾರ್ಥಗಳ ಪಟ್ಟಿಯಲ್ಲಿ ಮೊದಲು ನೀರು. ಎಲ್ಲೋ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಸುಗಂಧಕ್ಕೂ ಕೆಳಗೆ, ‘ಹೈಡ್ರೊಲೈಸ್ಡ್ ಕೆರಾಟಿನ್’. ಮುಂಬದಿಯಲ್ಲಿ ಮಾತ್ರ ಬಂಗಾರದ ಬಣ್ಣದಲ್ಲಿ ಅದರದ್ದೇ ಜಾತ್ರೆ!

ಕೂದಲು, ಉಗುರು, ಕೊಂಬು, ಪುಕ್ಕ ಎಲ್ಲಾ ಕೆರಾಟಿನ್ ಅನ್ನೋ ಪ್ರೋಟೀನೇ. ಇಡೀ ಪ್ರೋಟೀನು ಕೂದಲೊಳಗೆ ಇಳಿಯೋದಿಲ್ಲ, ಅಷ್ಟು ದೊಡ್ಡದು. ಅದಕ್ಕೇ ಆಮ್ಲದಲ್ಲೋ ಎಂಜೈಮಿನಲ್ಲೋ ತುಂಡರಿಸ್ತಾರೆ, ‘ಹೈಡ್ರೊಲೈಸ್ಡ್’ ಅಂದರೆ ಅದೇ. ಅಮೈನೋ ಆಮ್ಲದಂಥ ಸಣ್ಣ ಚೂರು ಒಳಗಿಳಿಯುತ್ತೆ, ದೊಡ್ಡ ಚೂರು ಮೇಲೇ ಪೊರೆಯಾಗಿ ಕೂರುತ್ತೆ. ತೊಳೆದಾಗ ಬಹುಪಾಲು ನೀರುಪಾಲು.

ಅಂದರೆ ಯಾವುದೋ ಕುರಿಯ ಉಣ್ಣೆಯೋ, ಹಕ್ಕಿಯ ಪುಕ್ಕವೋ ಈಗ ನನ್ನ ತಲೆ ಮೇಲೆ. ಅದೂ ಬುಡದಾಚೆ ಜೀವವೇ ಇಲ್ಲದ ಕೂದಲಿನ ಉಪಚಾರಕ್ಕೆ.

ಓದ್ತಾ ಓದ್ತಾ ಮೂರು ನಿಮಿಷ ಹತ್ತಾಗಿತ್ತು. ಕೂದಲು ಮೆತ್ತಗಾಗಿದೆ, ಸುಳ್ಳು ಹೇಳಲ್ಲ.