ಫೋಲ್ಡರ್ ಕಾಪಿ ಮಾಡಿದರೆ ಪ್ರಾಜೆಕ್ಟ್ ಬಂದ ಹಾಗಾಯ್ತಾ?

"ಅಣ್ಣಾ, ವಿಂಡೋಸ್‌ನಲ್ಲಿ ಚೆನ್ನಾಗಿ ಓಡ್ತಿದ್ದ ಕೋಡ್ ಲಿನಕ್ಸ್‌ಗೆ ಹಾಕಿದ್ರೆ ಯಾಕೆ ಬೇರೆ ಥರ ಆಡುತ್ತೆ? ಫೋಲ್ಡರ್ ಪೂರ್ತಿ ಕಾಪಿ ಮಾಡಿದ್ದೀನಲ್ಲಾ?"

ಕೊಡಗಿನ ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದುವವರು, ಮಡಿಕೇರಿಯಿಂದ ಬೆಂಗಳೂರಿಗೆ ಪಿಎಚ್‌ಡಿಗೆ ಹೋದವರು, ತೋಟದ ಮಳೆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿ ಲೆಕ್ಕ ಹಾಕುವ ಬೆಳೆಗಾರರು, ಎಲ್ಲರೂ ಇದನ್ನೇ ಕೇಳುತ್ತಾರೆ. ಮನೆಯ ಲ್ಯಾಪ್‌ಟಾಪ್ ವಿಂಡೋಸ್, ಗೈಡ್ ಹತ್ತಿರ ಇರುವುದು ಮ್ಯಾಕ್, ದೊಡ್ಡ ಲೆಕ್ಕ ಓಡಿಸುವ ಸರ್ವರ್ ಲಿನಕ್ಸ್. ಒಂದೇ ಪ್ರಾಜೆಕ್ಟ್ ಈ ಮೂರರ ನಡುವೆ ಓಡಾಡಲೇಬೇಕು. ಫೋನಿನಲ್ಲಿ ಇದನ್ನು ಪೂರ್ತಿ ಹೇಳಲು ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಉತ್ತರ ಇಷ್ಟು. ಕೋಡ್ ಓಡದೆ ನಿಂತುಹೋದರೆ ಹೆದರಬೇಡಿ, ಅದು ಒಳ್ಳೆಯದೇ. ಏನು ಕೆಟ್ಟಿದೆ ಅಂತ ಅದೇ ಹೇಳುತ್ತದೆ. ಹೊಸ ಮೆಷಿನ್‌ನಲ್ಲಿ ಏನೂ ತಕರಾರಿಲ್ಲದೆ ಓಡಿ ಉತ್ತರವನ್ನೂ ಕೊಟ್ಟಿತಲ್ಲ, ಆಗ ಹೆದರಬೇಕು.

ನಿಂತುಹೋಗುವ ಜಾತಿಯನ್ನು ಬೇಗ ಮುಗಿಸುತ್ತೇನೆ. ಫೈಲಿನ ದಾರಿಯನ್ನು ಸಿ ಡ್ರೈವಿನಿಂದ ಶುರುಮಾಡಿ ನಿಮ್ಮ ಹೆಸರಿನ ಫೋಲ್ಡರ್ ತನಕ ಬರೆದಿಟ್ಟಿದ್ದರೆ ಬೇರೆ ಕಡೆ ಅದು ಸಿಗುವುದಿಲ್ಲ. ಪ್ರಾಜೆಕ್ಟ್ ಫೋಲ್ಡರಿನಿಂದ ಶುರುವಾಗುವ ದಾರಿ ಬರೆಯಿರಿ, ಬ್ಯಾಕ್‌ಸ್ಲ್ಯಾಷ್ ಬಿಟ್ಟು ಸಾದಾ ಸ್ಲ್ಯಾಷ್ ಹಾಕಿ, ವಿಂಡೋಸ್‌ನಲ್ಲಿ ಪೈಥಾನ್, ಆರ್ (R) ಎಂಬ ಕೋಡ್ ಭಾಷೆಗಳೆರಡೂ ಅದನ್ನು ಒಪ್ಪುತ್ತವೆ. ಇಂಗ್ಲಿಷ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸವನ್ನು ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಲಿನಕ್ಸ್‌ಗೆ ಅವು ಬೇರೆ ಬೇರೆ ಫೈಲು. ಇನ್ನು ನಮ್ಮ ಕಡೆ ಮಳೆ ಲೆಕ್ಕ ಮಾಡುವವರಿಗೆ ಒಂದು ಮಾತು: ಮಳೆ ಅಳೆಯುವುದು ಬೆಳಿಗ್ಗೆ 8:30ಕ್ಕೆ ಅಲ್ವಾ, ಹಾಗಂತ ಲಿನಕ್ಸ್‌ನಲ್ಲಿ ಕೂತು ಫೈಲಿನ ಹೆಸರಿನಲ್ಲೇ 8:30 ಅಂತ ಹಾಕಿದರೆ ಆ ಫೈಲು ವಿಂಡೋಸ್‌ಗೆ ಬರುವುದೇ ಇಲ್ಲ, ಯಾಕೆಂದರೆ ಅಲ್ಲಿ ಹೆಸರಿನೊಳಗೆ ಕೋಲನ್ ಇರುವ ಹಾಗಿಲ್ಲ. ಸಾಲಿನ ಕೊನೆಯ ಗುರುತೂ ಬೇರೆ. ವಿಂಡೋಸ್ ಎರಡು ಗುರುತು ಹಾಕುತ್ತದೆ, ಲಿನಕ್ಸ್ ಮತ್ತು ಮ್ಯಾಕ್ ಒಂದೇ. ವಿಂಡೋಸ್‌ನಲ್ಲಿ ಬರೆದ ಶೆಲ್ ಸ್ಕ್ರಿಪ್ಟ್ (ಆಜ್ಞೆಗಳ ಫೈಲು) ಲಿನಕ್ಸ್‌ನಲ್ಲಿ ಅರ್ಥವಾಗದ ಎರರ್ ಕೊಟ್ಟರೆ ಮೊದಲು ಇದನ್ನೇ ನೋಡಿ.

ಈಗ ಸುಮ್ನೆ ಓಡಿ ತಪ್ಪು ಉತ್ತರ ಕೊಡುವ ಜಾತಿ. 2014ರಲ್ಲಿ ರಸಾಯನಶಾಸ್ತ್ರದವರಿಗಾಗಿ ಕೆಲವು ಪೈಥಾನ್ ಸ್ಕ್ರಿಪ್ಟ್‌ಗಳು ಪ್ರಕಟವಾದವು. ತುಂಬಾ ಜನ ಬಳಸಿದರು. 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ಅದೇ ಸ್ಕ್ರಿಪ್ಟ್, ಅದೇ ಡೇಟಾ ಇಟ್ಟುಕೊಂಡು ಬೇರೆ ಬೇರೆ ಮೆಷಿನ್‌ಗಳಲ್ಲಿ ಓಡಿಸಿ ನೋಡಿದರು. ವಿಂಡೋಸ್ 10 ಮತ್ತು ಮ್ಯಾಕ್‌ನ ಮಾವೆರಿಕ್ಸ್ ಆವೃತ್ತಿಯಲ್ಲಿ ಉತ್ತರ 173.2 ಬಂತು. ಮ್ಯಾಕ್‌ನದೇ ಮೊಜಾವೆ ಆವೃತ್ತಿಯಲ್ಲಿ 172.7. ಉಬುಂಟು 16 ಎಂಬ ಲಿನಕ್ಸ್ ಆವೃತ್ತಿಯಲ್ಲಿ 172.4. ಎಲ್ಲೂ ಎರರ್ ಇಲ್ಲ! ಕಾರಣ ಬಹಳ ಸಣ್ಣದು. ಫೋಲ್ಡರಿನಲ್ಲಿರುವ ಫೈಲುಗಳ ಪಟ್ಟಿ ಕೇಳಿದಾಗ ಯಾವ ಕ್ರಮದಲ್ಲಿ ಬರುತ್ತದೆ ಅಂತ ಪೈಥಾನ್ ಯಾವ ಭರವಸೆಯನ್ನೂ ಕೊಡುವುದಿಲ್ಲ, ಆಪರೇಟಿಂಗ್ ಸಿಸ್ಟಂ ಕೊಟ್ಟ ಹಾಗೆ ಬರುತ್ತದೆ. ಸ್ಕ್ರಿಪ್ಟ್ ಮಾತ್ರ ಪಟ್ಟಿ ಯಾವಾಗಲೂ ಸರಿಯಾದ ಕ್ರಮದಲ್ಲೇ ಇರುತ್ತದೆ ಅಂದುಕೊಂಡಿತ್ತು. ಪಟ್ಟಿ ಬಂದ ಕೂಡಲೇ ಸಾರ್ಟ್ ಮಾಡಿದ್ದರೆ ಮುಗಿದಿತ್ತು. ಇದನ್ನು ಯಾಕೆ ಇಷ್ಟು ಹೇಳುತ್ತೇನೆಂದರೆ, ತೋಟಕ್ಕೊಂದರಂತೆ ಮಳೆ ಫೈಲು, ಅದರ ಜೊತೆಗೆ ತೋಟಕ್ಕೊಂದರಂತೆ ಇಳುವರಿ ಫೈಲು ಇಟ್ಟುಕೊಂಡು ಮೊದಲನೆಯದಕ್ಕೆ ಮೊದಲನೆಯದು ಅಂತ ಜೋಡಿಸುವ ಕೋಡ್ ನಮ್ಮವರಲ್ಲೂ ಬೇಕಾದಷ್ಟಿದೆ. ಮರಗೋಡಿನ ಮಳೆ ಶ್ರೀಮಂಗಲದ ಕಾಫಿಯ ಪಕ್ಕ ಕೂತರೂ ಗ್ರಾಫ್ ಚೆಂದವಾಗಿಯೇ ಬರುತ್ತದೆ.

ಎಕ್ಸೆಲ್ ತಾರೀಕು ಇನ್ನೊಂದು. ಹಳೆಯ ಮ್ಯಾಕ್ ಎಕ್ಸೆಲ್ ದಿನಗಳನ್ನು 1904ರಿಂದ ಎಣಿಸುತ್ತಿತ್ತು, ವಿಂಡೋಸ್‌ನದು 1900ರಿಂದ. ನಡುವಿನ ಅಂತರ 1462 ದಿನ. ತಾರೀಕಿನ ಹಿಂದಿರುವ ಅಂಕಿಯನ್ನಷ್ಟೇ ಕಾಪಿ ಮಾಡಿದರೆ 2018ರ ಆಗಸ್ಟ್ 16 ಹೋಗಿ 2014ರ ಆಗಸ್ಟ್ 15 ಆಗುತ್ತದೆ. ಆ 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದು ಯಾರೂ ಮರೆತಿಲ್ಲ, ಆದ್ದರಿಂದ ಆ ವರ್ಷದ್ದಾದರೆ ಕಣ್ಣಿಗೆ ಬೀಳುತ್ತದೆ. 1987ರದ್ದೋ 1993ರದ್ದೋ ಆದರೆ ಯಾರು ಗಮನಿಸುತ್ತಾರೆ?

ಅಂಕಿಯ ಗಾತ್ರವೂ ಹಾಗೇ. ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈ ವಿಂಡೋಸ್‌ನಲ್ಲಿ ಪೂರ್ಣಾಂಕಕ್ಕೆ 32 ಬಿಟ್ ಕೊಡುತ್ತಿತ್ತು, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ 64. 2024ರ ನಂಪೈ 2.0ರಲ್ಲಷ್ಟೇ ಇದು ಒಂದಾಯಿತು. 32 ಬಿಟ್‌ನಲ್ಲಿ ಹಿಡಿಯುವುದು ಸುಮಾರು 214 ಕೋಟಿ ತನಕ. ಮರಗಳ ಜಿಪಿಎಸ್ ಗುರುತನ್ನು ಮೀಟರಿನಲ್ಲಿ ಇಟ್ಟರೆ ಮಡಿಕೇರಿ ಸುತ್ತಮುತ್ತ ಉತ್ತರ ದಿಕ್ಕಿನ ಅಂಕಿ (ಸಮಭಾಜಕದಿಂದ ಇರುವ ದೂರ) ಸುಮಾರು 13 ಲಕ್ಷ 70 ಸಾವಿರ ಬರುತ್ತದೆ. ಅದನ್ನು ಯಾವುದೋ ಸೂತ್ರಕ್ಕೆ ವರ್ಗ ಮಾಡಿದಿರಿ ಅನ್ನಿ, 214 ಕೋಟಿ ಎಲ್ಲಿ ಸಾಲುತ್ತದೆ? ಹಳೆಯ ನಂಪೈ ಏನೂ ಹೇಳದೆ ಏನೋ ಒಂದು ಅಂಕಿ ಕೊಟ್ಟು ಮುಂದೆ ಹೋಗುತ್ತದೆ.

ಕನ್ನಡದಲ್ಲಿ ಫೈಲ್ ಹೆಸರು ಇಡುವವರೂ ಕೇಳಿ, ನನಗೆ ಅದು ಇಷ್ಟ, ಬಿಡಬೇಡಿ. ಆದರೆ ಯೂನಿಕೋಡ್‌ನಲ್ಲಿ ಏತ್ವ, ಓತ್ವದಂಥ ಕೆಲವು ಗುಣಿತ ಚಿಹ್ನೆಗಳನ್ನು ಇಡಿಯಾಗಿಯೂ ಬರೆಯಬಹುದು, ಎರಡು ಮೂರು ತುಂಡು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ. 2017ಕ್ಕೆ ಮುಂಚಿನ ಮ್ಯಾಕ್ ಡಿಸ್ಕ್‌ಗಳು ಹೆಸರನ್ನು ತುಂಡು ಮಾಡಿ ಇಡುತ್ತಿದ್ದವು. ಆ ಡಿಸ್ಕಿನಿಂದ ಲಿನಕ್ಸ್‌ಗೆ ಬಂದ 'ಮಡಿಕೇರಿ' ಮತ್ತು ನೀವು ಕೋಡಿನಲ್ಲಿ ಟೈಪ್ ಮಾಡಿದ 'ಮಡಿಕೇರಿ' ಲಿನಕ್ಸ್‌ಗೆ ಎರಡು ಬೇರೆ ಹೆಸರು. ಕೊಡಗಿನ ಐದು ತಾಲ್ಲೂಕುಗಳಲ್ಲಿ ಕುಶಾಲನಗರಕ್ಕೆ ಮಾತ್ರ ಈ ತೊಂದರೆ ಇಲ್ಲ, ಆ ಹೆಸರಿನಲ್ಲಿ ಅಂಥ ಚಿಹ್ನೆ ಇಲ್ಲ. ಹೆಸರು ಹೋಲಿಸುವ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತನ್ನಿ, ಪೈಥಾನ್‌ನಲ್ಲಿ ಅದಕ್ಕೆ ಒಂದೇ ಸಾಲು ಸಾಕು. ಫೈಲ್ ಓದುವಾಗಲೂ ಬರೆಯುವಾಗಲೂ ಅಕ್ಷರಗಳನ್ನು ಉಳಿಸುವ ಪದ್ಧತಿ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಿ. ವಿಂಡೋಸ್‌ನಲ್ಲಿ ಆರ್ ತಾನಾಗಿ ಯುಟಿಎಫ್-8ಕ್ಕೆ ಬಂದದ್ದೇ 2022ರ 4.2 ಆವೃತ್ತಿಯಲ್ಲಿ.

ಹಾಗಾದರೆ ಏನು ಮಾಡುವುದು? ಹೊರಡುವ ಮುಂಚೆ, ಹಳೆಯ ಮೆಷಿನ್‌ನಲ್ಲೇ, ಒಂದು ಸಣ್ಣ ಡೇಟಾ ತೆಗೆದುಕೊಳ್ಳಿ. ಒಂದು ತೋಟ, ಒಂದು ವರ್ಷ. ವರ್ಷದ ಒಟ್ಟು ಮಳೆ ಇಂಚು ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು) ಪುಸ್ತಕದಲ್ಲೇ ಇರುತ್ತದೆ, ಅದನ್ನು ಕೈಯಲ್ಲೂ ಕೂಡಿ ನೋಡಿ. ಕೋಡ್ ಓಡಿಸಿ, ಬಂದ ಉತ್ತರವನ್ನು ಒಂದು ಫೈಲಿನಲ್ಲಿ ಬರೆದು ಪ್ರಾಜೆಕ್ಟ್ ಒಳಗೇ ಇಡಿ. ಹೊಸ ಮೆಷಿನ್‌ನಲ್ಲಿ ಮೊದಲ ಕೆಲಸ ಅದೇ ಡೇಟಾ ಓಡಿಸಿ ಆ ಉತ್ತರದ ಜೊತೆ ಹೋಲಿಸುವುದು. ಕೊನೆಯ ದಶಮಾಂಶಗಳು ಸ್ವಲ್ಪ ಬೇರೆ ಬಂದರೆ ಗಾಬರಿ ಬೇಡ, ಗಣಿತದ ಲೈಬ್ರರಿಗಳು ಕೂಡುವ ಕ್ರಮ ಬೇರೆ ಇದ್ದರೆ ಅಷ್ಟು ವ್ಯತ್ಯಾಸ ಬರುತ್ತದೆ. ಎಷ್ಟು ವ್ಯತ್ಯಾಸ ಒಪ್ಪುತ್ತೀರಿ ಅಂತ ಮಾತ್ರ ಮೊದಲೇ ಬರೆದಿಡಿ. ಉತ್ತರ ನೋಡಿದ ಮೇಲೆ ನಿರ್ಧಾರ ಮಾಡಿದರೆ ಎಷ್ಟಿದ್ದರೂ ಸರಿ ಅನ್ನಿಸಿಬಿಡುತ್ತದೆ.

ಜೊತೆಗೆ ಯಾವ ಪೈಥಾನ್, ಯಾವ ಆರ್, ಯಾವ ಪ್ಯಾಕೇಜಿನ ಯಾವ ಆವೃತ್ತಿ ಅನ್ನುವ ಪಟ್ಟಿ ಬೇಕು. ಪ್ಯಾಕೇಜುಗಳನ್ನು ಹಾಕಿಕೊಡುವ ಕಾಂಡಾ ಬಳಸುವವರು ಪೂರ್ತಿ ಎಕ್ಸ್‌ಪೋರ್ಟ್ ಮಾಡಿದ ಪಟ್ಟಿಯನ್ನು ಬೇರೆ ಸಿಸ್ಟಂಗೆ ಒಯ್ಯಬೇಡಿ, ಅದರಲ್ಲಿ ವಿಂಡೋಸ್‌ಗೆ ಮಾತ್ರ ಸಿಗುವ ಬಿಲ್ಡ್‌ಗಳ ಹೆಸರೂ ಇರುತ್ತದೆ. ನೀವೇ ಕೇಳಿ ಹಾಕಿಸಿಕೊಂಡ ಪ್ಯಾಕೇಜುಗಳನ್ನು ಮಾತ್ರ ಬರೆಯುವ ಆಯ್ಕೆ ಇದೆ. ಆದರೆ ಅದು ಆವೃತ್ತಿಯನ್ನು ಯಾವಾಗಲೂ ಬರೆಯುವುದಿಲ್ಲ, ಅದನ್ನು ನೀವೇ ಸೇರಿಸಿ.

"ಡಾಕರ್ ಹಾಕಿದ್ರೆ ಇದೆಲ್ಲಾ ಬೇಡ ಅಲ್ವಾ?" ಅಂತಲೂ ಕೇಳುತ್ತಾರೆ. ಡಾಕರ್ ಒಳ್ಳೆಯದು, ಕಾಫಿ ಸಸಿಯನ್ನು ಬುಟ್ಟಿಯ ಮಣ್ಣಿನ ಸಮೇತ ಒಯ್ದ ಹಾಗೆ ಪ್ರೋಗ್ರಾಂ ಜೊತೆ ಅದರ ಸುತ್ತಲಿನದೂ ಬರುತ್ತದೆ. ಆದರೆ ಸಾರ್ಟ್ ಮಾಡದ ಪಟ್ಟಿ, ತಪ್ಪು ತಾರೀಕು ಕೂಡ ಅದರೊಳಗೆ ಹಾಗೇ ಕೂತಿರುತ್ತವೆ. ಆಪಲ್‌ನ 2020ರ ಎಂ1 ನಂತರದ ಮ್ಯಾಕ್‌ಗಳ ಪ್ರೊಸೆಸರೇ ಬೇರೆ ಜಾತಿ, ಇಂಟೆಲ್‌ಗೆ ಕಟ್ಟಿದ ಇಮೇಜ್ (ಡಾಕರ್ ಕಟ್ಟಿಕೊಡುವ ಆ ಬುಟ್ಟಿ) ಅಲ್ಲಿ ಓಡಿದರೂ ನಿಧಾನ. ಇಮೇಜ್‌ಗಳೂ ಎಷ್ಟೋ ಸಲ ಕೆಲವು ಜಿಬಿ ಇರುತ್ತವೆ, ಜುಲೈ ತಿಂಗಳಲ್ಲಿ ಮರ ಬಿದ್ದು ಕರೆಂಟ್ ಹೋಗಿ ಟವರ್ ಕೂಡ ನಿಂತಾಗ ನಮ್ಮ ಹಳ್ಳಿಗಳಲ್ಲಿ ಅದನ್ನು ಡೌನ್‌ಲೋಡ್ ಮಾಡುವುದು ಆಗದ ಮಾತು. ಮಳೆಗಾಲದಲ್ಲಿ ಊರಿನಿಂದ ಕೆಲಸ ಮಾಡುವವರಾದರೆ ಮೇ ತಿಂಗಳಲ್ಲೇ ಇಳಿಸಿ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ವಿಂಡೋಸ್‌ನಲ್ಲೇ ಇದ್ದು ಲಿನಕ್ಸ್ ಬೇಕು ಅನ್ನುವವರಿಗೆ 2016ರಿಂದ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ ಇದೆ, ಸರ್ವರ್‌ಗೆ ಕಳಿಸುವ ಮುಂಚೆ ಅಲ್ಲಿ ಒಮ್ಮೆ ಓಡಿಸಿ ನೋಡಿದರೆ ನಾನು ಹೇಳಿದ ತೊಂದರೆಗಳಲ್ಲಿ ಹೆಚ್ಚಿನವು ಮನೆಯಲ್ಲೇ ಸಿಕ್ಕಿಬೀಳುತ್ತವೆ.

ಮತ್ತೆ, ಸಣ್ಣ ಡೇಟಾದ ಉತ್ತರ ಎರಡು ಕಡೆಯೂ ಒಂದೇ ಬರುವ ತನಕ ಹಳೆಯ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಬೇಡಿ, ತಮ್ಮನಿಗೂ ಕೊಟ್ಟುಬಿಡಬೇಡಿ.