ಪಟ್ಟಿಯಲ್ಲೊಂದು ಹೆಸರು

ಶನಿವಾರ, 12 ಆಗಸ್ಟ್ 2023

ಸಂಜೆಯಿಡೀ ಎಡ್ವರ್ಡ್ ಬರ್ರೊನ ಕರಪತ್ರಗಳನ್ನೇ ಓದುತ್ತಿದ್ದೆ. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರೈಸ್ತ ಪಂಗಡವಾದ ಕ್ವೇಕರರ ಮೊದಲ ತಲೆಮಾರಿನಲ್ಲಿ ಇವನ ಮಾತಿಗಿರುವ ಕಾವು ನನಗೆ ಬಹಳ ಇಷ್ಟ. 1656ರಲ್ಲಿ ಅವನಿಗೆ ಇಪ್ಪತ್ತಮೂರರ ಆಸುಪಾಸು. ಆ ವರ್ಷ ಬೆಡ್‌ಫರ್ಡಿನ ಜಾನ್ ಬನಿಯನ್ ತನ್ನ ಮೊದಲ ಪುಸ್ತಕವನ್ನೇ ಕ್ವೇಕರರ ವಿರುದ್ಧ ಅಚ್ಚು ಹಾಕಿಸಿದ. (ಕನ್ನಡದ ಹಳೆಯ ಓದುಗರಿಗೆ ‘ಯಾತ್ರಿಕನ ಸಂಚಾರ’ದಿಂದ ಪರಿಚಯವಿರುವ ಬನಿಯನ್ನೇ ಇವನು.) ಬರ್ರೊ ಅದೇ ವರ್ಷ ಉತ್ತರ ಬರೆದ. 1657ರಲ್ಲಿ ಬನಿಯನ್ ತಿರುಗಿ ಬರೆದ, ಬರ್ರೊ ಮತ್ತೆ ಬರೆದ.

ಬನಿಯನ್ನನ ತಕರಾರು ಇಷ್ಟು: ಎಲ್ಲರೊಳಗೂ ಕ್ರಿಸ್ತನ ಬೆಳಕಿದೆ, ಒಳಬೆಳಕು, ಒಳಬೆಳಕು ಎನ್ನುತ್ತಾ ಈ ಕ್ವೇಕರರು ಜೆರೂಸಲೇಮಿನಲ್ಲಿ ರಕ್ತಮಾಂಸದ ಮೈಯಲ್ಲಿ ಸತ್ತು ಎದ್ದ ಕ್ರಿಸ್ತನನ್ನೇ ಕೈಬಿಡುತ್ತಿದ್ದಾರೆ. ಬರ್ರೊ ಹೇಳಿದ್ದು: ಆ ಕ್ರಿಸ್ತನನ್ನು ನಾವು ಅಲ್ಲಗಳೆದಿಲ್ಲ, ಆದರೆ ಅವನು ಒಳಗೂ ಬೆಳಗದಿದ್ದರೆ ನಂಬಿಕೆ ಬರೀ ಕೇಳಿದ ಕಥೆಯಾಗಿ ಉಳಿಯುತ್ತದೆ. ಪ್ರತಿ ಮನುಷ್ಯನಿಗೂ ಬೆಳಕು ಕೊಡುವವನು ಎಂದು ಯೋಹಾನನ ಸುವಾರ್ತೆಯಲ್ಲೇ ಇದೆಯಲ್ಲ! ಇಲ್ಲಿ ನಾನು ಪೂರ್ತಿ ಬರ್ರೊನ ಕಡೆ.

ಆದರೆ ಒಂದು ಕಡೆ ಅವನು ಎಡವಿದ. ಹಣದಾಸೆಗೆ ಬೋಧಿಸುವವರ ಸಾಲಿಗೆ ಬನಿಯನ್ನನನ್ನೂ ಸೇರಿಸಿಬಿಟ್ಟ. ಬನಿಯನ್ ತೂತುಬಿದ್ದ ಪಾತ್ರೆ ಬೆಸೆದು ಹೊಟ್ಟೆ ಹೊರೆಯುತ್ತಿದ್ದವನು. ಇದನ್ನು ನೀನೇ ಕಂಡೆಯಾ, ಯಾರಾದರೂ ಹೇಳಿದರಾ, ನಾನು ಬಡವ, ಕೈಯಾರೆ ದುಡಿದು ಉಣ್ಣುವವನು ಎಂದು ಅವನು ಕೇಳುವಾಗ ನೋವು ಇವತ್ತಿಗೂ ತಟ್ಟುತ್ತದೆ. ಆ ಪುಟ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

1660ರಲ್ಲಿ, ದೇಶ ಬಿಟ್ಟು ಹೋಗಿದ್ದ ರಾಜ ಎರಡನೇ ಚಾರ್ಲ್ಸ್ ಇಂಗ್ಲೆಂಡಿಗೆ ಮರಳಿದ. ಅಪ್ಪಣೆಯಿಲ್ಲದೆ ಬೋಧಿಸಿದ್ದಕ್ಕೆ ಬನಿಯನ್ ಅದೇ ನವೆಂಬರಿನಲ್ಲಿ ಸೆರೆಯಾಗಿ, ಹನ್ನೆರಡು ವರ್ಷ ಬೆಡ್‌ಫರ್ಡಿನ ಜೈಲಿನಲ್ಲಿ ಕಳೆದ. ಬರ್ರೊನನ್ನು 1662ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಹಿಡಿದರು. ಮರುವರ್ಷ ಫೆಬ್ರುವರಿಯಲ್ಲಿ ಅವನು ನ್ಯೂಗೇಟ್ ಸೆರೆಮನೆಯಲ್ಲೇ ಸತ್ತ. ಇನ್ನೂ ಮೂವತ್ತು ದಾಟಿರಲಿಲ್ಲ.

1672ರಲ್ಲಿ ಜಾರ್ಜ್ ವೈಟ್‌ಹೆಡ್ ಮತ್ತಿತರ ಕ್ವೇಕರರು ಓಡಾಡಿ, ಸೆರೆಯಲ್ಲಿದ್ದ ತಮ್ಮವರಿಗೆ ಎರಡನೇ ಚಾರ್ಲ್ಸ್‌ನಿಂದ ಕ್ಷಮಾಪತ್ರ ಪಡೆದರು. ಬೇರೆ ಪಂಗಡದವರು ನಮ್ಮವರನ್ನೂ ಸೇರಿಸಿಕೊಳ್ಳಿ ಎಂದು ಬಂದಾಗ ಇಲ್ಲವೆನ್ನಲಿಲ್ಲ. ಆ ಕ್ವೇಕರರ ಪಟ್ಟಿಯಲ್ಲಿ ಜಾನ್ ಬನಿಯನ್ ಹೆಸರಿದೆ. ಬರ್ರೊ ಬದುಕಿದ್ದರೆ ಅದನ್ನು ನೋಡಿ ಏನೆನ್ನುತ್ತಿದ್ದನೋ ಎಂದು ಯೋಚಿಸುತ್ತಾ ದೀಪ ಆರಿಸುತ್ತಿದ್ದೇನೆ.