ತೂಕ ನೋಡಿ ಪಿಸ್ತೂಲು ಆರಿಸಿದೆ, ಹಿಡಿಯುವ ಕೈ ನೋಡಲಿಲ್ಲ

ಕಾವಲು ಕೆಲಸದವರಿಗೆ ಪಿಸ್ತೂಲು ತರಬೇತಿ ಕೊಡುವುದು, ಅವರ ಪಿಸ್ತೂಲುಗಳನ್ನು ಬಿಚ್ಚಿ ಒರೆಸಿ ರಿಪೇರಿ ಮಾಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಒಂದಷ್ಟು ಜನ ಸಾದಾ ಬಟ್ಟೆಯಲ್ಲಿ ಡ್ಯೂಟಿ ಮಾಡಬೇಕಾಯಿತು. ದೊಡ್ಡ ಪಿಸ್ತೂಲು ಅಂಗಿಯ ಕೆಳಗೆ ಉಬ್ಬಿ ಕಾಣುತ್ತದೆ, ಹಗುರದ ಸಿಂಗಲ್ ಸ್ಟಾಕ್ ಒಂದನ್ನು ನೀವೇ ಆರಿಸಿ ಅಂದರು. ಆರಿಸಿದೆ. ತಪ್ಪಾಗಿ ಆರಿಸಿದೆ.

ಸಿಂಗಲ್ ಸ್ಟಾಕ್ ಅಂದರೆ ಮ್ಯಾಗಜೀನ್ ಒಳಗೆ, ಅಂದರೆ ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿಯೊಳಗೆ, ಗುಂಡುಗಳು ಒಂದರ ಮೇಲೊಂದು ಒಂದೇ ಸಾಲಿನಲ್ಲಿ ಕೂರುತ್ತವೆ. ಡಬಲ್ ಸ್ಟಾಕ್‌ನಲ್ಲಿ ಅಡ್ಡಾದಿಡ್ಡಿ ಎರಡು ಸಾಲು. ಒಂದೇ ಸಾಲಾದ್ದರಿಂದ ಹಿಡಿ ತೆಳ್ಳಗಿರುತ್ತದೆ, ಗುಂಡು ಕಡಿಮೆ. ಇದೇನು ಹೊಸದಲ್ಲ. ಜಾನ್ ಬ್ರೌನಿಂಗ್ ಮಾಡಿದ 1911 ಪಿಸ್ತೂಲಿನ 7 ಗುಂಡುಗಳೂ ಒಂದೇ ಸಾಲು, ಆದರೆ ಅದು ಉಕ್ಕು, ಖಾಲಿ ತೂಕವೇ ಒಂದು ಕೆಜಿ ದಾಟುತ್ತದೆ. 2015ರಲ್ಲಿ ಬಂದ ಗ್ಲಾಕ್ 43ರ ಫ್ರೇಮ್, ಅಂದರೆ ಹಿಡಿ ಇರುವ ಕೆಳಭಾಗ, ಪಾಲಿಮರ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದು, 9 ಎಂಎಂನ 6 ಗುಂಡು, ಖಾಲಿ ತೂಕ ಸುಮಾರು ಅರ್ಧ ಕೆಜಿ. ಅರ್ಧಕ್ಕರ್ಧ ತೂಕ ಇಳಿಯಿತು, ಅಲ್ವಾ? ಆ ಇಳಿದ ತೂಕ ಮಾಡುತ್ತಿದ್ದ ಕೆಲಸವನ್ನು ಇನ್ನು ಯಾರು ಮಾಡಬೇಕು ಅಂತ ನಾನು ಯೋಚಿಸಲಿಲ್ಲ.

ಮೂರು ನಾಲ್ಕು ಮಾದರಿ ಮೇಜಿನ ಮೇಲಿಟ್ಟೆ, ತೂಕ ನೋಡಿದೆ, ದಪ್ಪ ಅಳೆದೆ, ಒಂದೊಂದರಲ್ಲಿ ನಾನೇ 50 ಗುಂಡು ಹಾರಿಸಿದೆ. ಯಾವುದೂ ಸಿಕ್ಕಿಕೊಳ್ಳಲಿಲ್ಲ. ಎಲ್ಲಕ್ಕಿಂತ ಹಗುರದ್ದಕ್ಕೆ ಸಹಿ ಹಾಕಿದೆ.

ಮೊದಲ ತರಬೇತಿಯಲ್ಲೇ ಒಬ್ಬ ಸಹೋದ್ಯೋಗಿಗೆ ಎರಡು ಮ್ಯಾಗಜೀನ್ ಮುಗಿಯುವಷ್ಟರಲ್ಲಿ ಮೂರು ಸಲ ಪಿಸ್ತೂಲು ನಿಂತಿತು. ಗುಂಡು ಹಾರುತ್ತದೆ, ಖಾಲಿ ಕೇಸ್, ಅಂದರೆ ಗುಂಡಿನ ಲೋಹದ ಕೋಶ, ಹೊರಗೆ ಬೀಳದೆ ಸ್ಲೈಡಿನ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಓಡುವ ಭಾಗ) ಬಾಯಲ್ಲಿ ನೆಟ್ಟಗೆ ನಿಲ್ಲುತ್ತದೆ. "ಗಟ್ಟಿ ಹಿಡೀರಿ ಮೇಡಂ" ಅಂದೆ. ಅವರು ಆಗಲೇ ಗಟ್ಟಿಯಾಗಿ ಹಿಡಿದಿದ್ದರು, ನಾನು ಹಾಗೆ ಹೇಳಬಾರದಿತ್ತು. ಸ್ವಲ್ಪ ಹೊತ್ತಿಗೆ ಕೈ ದೊಡ್ಡದಿದ್ದ ಇನ್ನೊಬ್ಬರಿಗೂ ಹಾಗೇ ಆಯಿತು, ಅವರು ಒಂದೇ ಕೈಯಲ್ಲಿ ಹಾರಿಸುತ್ತಿದ್ದರು.

ಆಮೇಲೆ ಕೂತು ನೋಡಿದಾಗ ಕಾರಣ ಸಿಕ್ಕಿತು. ಗುಂಡು ಹಾರಿದಾಗ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗಿ ಕೇಸನ್ನು ಎಸೆದು, ಮುಂದೆ ಬರುವಾಗ ಹೊಸ ಗುಂಡನ್ನು ತಳ್ಳಿಕೊಂಡು ಬರಬೇಕು. ಅದಕ್ಕೆ ಕೆಳಗಿನ ಫ್ರೇಮ್ ಅಲ್ಲಾಡದೆ ನಿಲ್ಲಬೇಕು. ಭಾರದ ಪಿಸ್ತೂಲಿನಲ್ಲಿ ಫ್ರೇಮಿನ ತೂಕವೇ ಆ ಕೆಲಸದಲ್ಲಿ ದೊಡ್ಡ ಪಾಲು ಹೊರುತ್ತದೆ, ಹಗುರದ್ದರಲ್ಲಿ ಮಣಿಕಟ್ಟು ಹೊರಬೇಕು. ಮಣಿಕಟ್ಟು ಬಾಗಿದರೆ ಸ್ಲೈಡಿನ ಜೊತೆ ಫ್ರೇಮೂ ಹಿಂದೆ ಹೋಗುತ್ತದೆ, ಸ್ಲೈಡ್ ಅರ್ಧಕ್ಕೇ ಸೋಲುತ್ತದೆ. ಜೊತೆಗೆ ಚಿಕ್ಕ ಸ್ಲೈಡಿಗೆ ಓಡಾಡಲು ಜಾಗ ಕಡಿಮೆ, ಸ್ಪ್ರಿಂಗ್ ಬಿಗಿ. ಮೇಡಂ ಅವರ ಎರಡು ಮ್ಯಾಗಜೀನ್‌ಗಳಲ್ಲಿ ಒಂದರ ಬಾಯಿಯ ಅಂಚು ಬೇರೆ ಬಾಗಿತ್ತು. ಯಾವ ಸಲ ಯಾವ ಮ್ಯಾಗಜೀನ್ ಹಾಕಿದ್ದೆವು ಅಂತ ಯಾರೂ ಗುರುತಿಟ್ಟಿರಲಿಲ್ಲ, ಹಾಗಾಗಿ ಅದನ್ನು ಹುಡುಕಲು ಅರ್ಧ ದಿನ ಹೋಯಿತು.

ಈಗ ಪಿಸ್ತೂಲನ್ನು ನಾನು ಹಾರಿಸಿ ನೋಡಿ ಆರಿಸುವುದಿಲ್ಲ. ಅದನ್ನು ಯಾರು ಹೊರುತ್ತಾರೋ ಅವರೇ ಹಾರಿಸಬೇಕು. ಎರಡು ಕೈಯಲ್ಲಿ, ಬಲಗೈ ಒಂದರಲ್ಲಿ, ಎಡಗೈ ಒಂದರಲ್ಲಿ, ದಣಿದ ಮೇಲೂ ಒಂದು ಸಲ. ಡ್ಯೂಟಿಗೆ ಯಾವ ಗುಂಡು ತುಂಬುತ್ತಾರೋ ಅದೇ ಗುಂಡಿನಲ್ಲಿ, ಅವರದೇ ಮ್ಯಾಗಜೀನ್‌ಗಳಲ್ಲಿ, 200 ಗುಂಡು. ಮಧ್ಯೆ ಒಂದು ಸಲ ನಿಂತರೂ ಕಾರಣ ಹುಡುಕಿ ಎಣಿಕೆ ಮತ್ತೆ ಒಂದರಿಂದ. ಇದು ನಾನು ಹಾಕಿಕೊಂಡ ಲೆಕ್ಕ, ಜಾಸ್ತಿ ಅಂತ ಬೈಸಿಕೊಂಡಿದ್ದೇನೆ, ಆದರೂ ಬಿಟ್ಟಿಲ್ಲ. ಅದಕ್ಕೂ ಮೊದಲು ಖಾಲಿ ಪಿಸ್ತೂಲಿನ ಸ್ಲೈಡನ್ನು ಹತ್ತು ಸಲ ಎಳೆಸುತ್ತೇನೆ. ಏಳನೆಯ ಸಲಕ್ಕೆ ಬೆರಳು ಜಾರಿದರೆ ಆ ಪಿಸ್ತೂಲು ಅವರಿಗಲ್ಲ. ಸ್ಪ್ರಿಂಗ್ ಬದಲಾಯಿಸಲು ತಯಾರಕರು ಹೇಳಿದಷ್ಟು ಗುಂಡಿನ ಲೆಕ್ಕ ಇಟ್ಟುಕೊಳ್ಳಿ, ಚಿಕ್ಕ ಪಿಸ್ತೂಲಿನಲ್ಲಿ ಅದು ಬೇಗ ಸೋಲುತ್ತದೆ.

ನನ್ನನ್ನು ಕೇಳಿದರೆ ನೂರು ಗ್ರಾಂ ಜಾಸ್ತಿ ಇದ್ದರೆ ಇರಲಿ. ಗಟ್ಟಿ ಬೆಲ್ಟ್ ಇದ್ದರೆ ಸೊಂಟಕ್ಕೆ ಅದು ಗೊತ್ತಾಗುವುದಿಲ್ಲ, ಹಾರಿಸುವಾಗ ಕೈಗೆ ಗೊತ್ತಾಗುತ್ತದೆ. ಕಿರುಬೆರಳಿಗೂ ಹಿಡಿಯಲ್ಲಿ ಜಾಗ ಇದ್ದರೆ ಇನ್ನೂ ಒಳ್ಳೆಯದು.

ಮೇಡಂ ಕೊನೆಗೆ ಅಂಥದ್ದೇ ಒಂದನ್ನು ಆರಿಸಿಕೊಂಡರು, ಕೊಂಚ ಭಾರ, ಕೊಂಚ ಉದ್ದ. 200 ಗುಂಡು ಒಂದೂ ನಿಲ್ಲದೆ ಹೋಯಿತು. ಅವರ ಮ್ಯಾಗಜೀನ್‌ಗಳ ತಳದಲ್ಲಿ ಬಿಳಿ ಬಣ್ಣದಲ್ಲಿ 1, 2, 3 ಅಂತ ನಾನೇ ಬರೆದುಕೊಟ್ಟೆ. ಈಗ ನಮ್ಮಲ್ಲಿ ಎಲ್ಲರ ಮ್ಯಾಗಜೀನಿಗೂ ನಂಬರ್ ಇದೆ.